ಆಂಪ್ ಕೇಳದ ಊರಿನಲ್ಲಿ ಆಂಪ್ ಮಾಡೆಲರ್ ಆರಿಸಿದ ಬಗೆ

ನಾಲ್ಕು ವರ್ಷಗಳ ಹಿಂದೆ ಸಿರುಗುಪ್ಪದಿಂದ ಆಚೆ, ಭತ್ತದ ಗದ್ದೆಗಳ ನಡುವಿನ ಒಂದು ಹಳ್ಳಿಯ ಜಾತ್ರೆಯಲ್ಲಿ ನಮ್ಮ ತಂಡದ ರಸಮಂಜರಿ ಕಾರ್ಯಕ್ರಮವಿತ್ತು. ತೇರು ಎಳೆದು ಮುಗಿದು, ಜನ ಊಟ ಮಾಡಿಕೊಂಡು ಚಾಪೆ ಹಿಡಿದು ಬಂದು ಕೂರುವ ಹೊತ್ತಿಗೆ ರಾತ್ರಿ ಹತ್ತೂವರೆಯಾಗಿತ್ತು. ಗಣಪತಿಯ ಸ್ತುತಿ ಮುಗಿದು ಎರಡನೆಯ ಹಾಡಿಗೆ ಬಂದೆವು. ಆ ಹಾಡಿನ ನಡುವೆ ಗಿಟಾರಿಗೆಂದೇ ಬಿಟ್ಟುಕೊಟ್ಟ ಒಂದು ಪುಟ್ಟ ಸೋಲೊ ಇದೆ. ಗೆಳೆಯನೊಬ್ಬನಿಂದ ಎರವಲು ತಂದಿದ್ದ, ಗಿಟಾರಿನ ನಾದವನ್ನು ಬಗೆಬಗೆಯಾಗಿ ಬದಲಿಸುವ ಮಲ್ಟಿ ಎಫೆಕ್ಟ್ಸ್ ಪ್ರೊಸೆಸರಿನ ಡಿಸ್ಟಾರ್ಷನ್ ಸ್ವಿಚ್ಚನ್ನು ನಾನು ಸಮಯಕ್ಕೆ ಸರಿಯಾಗಿಯೇ ತುಳಿದೆ. ಮನೆಯಲ್ಲಿ ನನ್ನ ಸಣ್ಣ ಪ್ರಾಕ್ಟೀಸ್ ಆಂಪಿನಲ್ಲಿ, ಅಂದರೆ ಆಂಪ್ಲಿಫೈಯರಿನಲ್ಲಿ, ತುಪ್ಪದಂತೆ ಇಳಿಯುತ್ತಿದ್ದ ಆ ನಾದ, ವೇದಿಕೆಯ ಎರಡು ಬದಿಯ ಹಾರ್ನ್‌ಗಳಿಂದ ತಗಡಿನ ಮೇಲೆ ಮರಳು ಎಳೆದಂತೆ ಹೊರಬಂತು. ಮಿಕ್ಸರ್ ಮುಂದೆ ಕುಳಿತಿದ್ದ ಸೌಂಡ್ ಸಿಸ್ಟಮ್‌ನವರು ನನ್ನ ಗಿಟಾರಿನ ಸದ್ದು ಏರಿಳಿಸುವ ಫೇಡರನ್ನು ಪೂರ್ತಿ ಕೆಳಗೆ ಎಳೆದುಬಿಟ್ಟರು. ವಿರಾಮದಲ್ಲಿ ಹತ್ತಿರ ಬಂದು, "ಸಾರ್, ನೀವು ಗಿಟಾರ್ ಬಾರಸ್ತೀರೋ, ಹಿಟ್ಟಿನ ಗಿರಣಿ ನಡಸ್ತೀರೋ?" ಎಂದು ಕೇಳಿದರು. ಅವರ ಮಾತಿನಲ್ಲಿ ಕುಹಕಕ್ಕಿಂತ ಕರುಣೆಯೇ ಹೆಚ್ಚಿದ್ದುದರಿಂದ ನನಗೆ ಇನ್ನಷ್ಟು ನಾಚಿಕೆಯಾಯಿತು.

ತಪ್ಪು ಯಂತ್ರದ್ದಲ್ಲ, ನನ್ನದು. ಗಿಟಾರ್ ಆಂಪಿನ ಸ್ಪೀಕರ್ ನಮ್ಮ ಮನೆಯ ಹಾಡು ಕೇಳುವ ಸ್ಪೀಕರಿನಂತಹದ್ದಲ್ಲ. ಹನ್ನೆರಡು ಇಂಚಿನ ಆ ಕಾಗದದ ಶಂಕು ಸುಮಾರು 5000 ಹರ್ಟ್ಜ್ ದಾಟಿದ ಮೇಲೆ ಹೆಚ್ಚುಕಡಿಮೆ ಕೈಚೆಲ್ಲಿಬಿಡುತ್ತದೆ, ಮತ್ತು ಈ ಅಸಾಮರ್ಥ್ಯವೇ ಅದರ ಗುಣ. ಡಿಸ್ಟಾರ್ಷನ್ ಎಂದರೆ ತಂತಿಯ ಸಂಕೇತದ ನೆತ್ತಿಯನ್ನು ಕತ್ತರಿಸಿ ಚಪ್ಪಟೆ ಮಾಡುವುದು; ಹಾಗೆ ಕತ್ತರಿಸಿದಾಗ ಮೂಲ ಸ್ವರದಲ್ಲಿ ಇಲ್ಲದ ಉಪಸ್ವರಗಳು ಮೇಲಿನ ಕಂಪನಾಂಕಗಳಲ್ಲಿ ರಾಶಿ ರಾಶಿಯಾಗಿ ಹುಟ್ಟುತ್ತವೆ, ಮತ್ತು ಅವುಗಳಲ್ಲಿ ಕಿವಿಗೆ ಬೇಡವಾದವನ್ನೆಲ್ಲ ಜರಡಿ ಹಿಡಿಯುವ ಕೆಲಸವನ್ನು ಆ ಸ್ಪೀಕರೂ ಅದನ್ನು ಹೊತ್ತ ಮರದ ಪೆಟ್ಟಿಗೆಯೂ ಮಾಡುತ್ತವೆ. ಜಾತ್ರೆಯ ಹಾರ್ನ್‌ಗಳಾದರೋ 15,000 ಹರ್ಟ್ಜ್‌ವರೆಗೂ ಎಲ್ಲವನ್ನೂ ಪ್ರಾಮಾಣಿಕವಾಗಿ ಒದರುತ್ತವೆ. ಆ ಯಂತ್ರದೊಳಗೆ ಜರಡಿಯ ನಕಲು, ಅಂದರೆ ಕ್ಯಾಬಿನೆಟ್ ಸಿಮ್ಯುಲೇಷನ್, ಇದ್ದೇ ಇತ್ತು; ಆದರೆ ಔಟ್‌ಪುಟ್ ಮೆನುವಿನಲ್ಲಿ 'ಆಂಪ್' ಎಂದಿದ್ದುದನ್ನು 'ಲೈನ್' ಎಂದು ಬದಲಿಸಲು ನಾನು ಮರೆತಿದ್ದೆ. ಅಷ್ಟರಿಂದ ಗಿಟಾರು ಗಿರಣಿಯಾಯಿತು.

ಸ್ವಂತಕ್ಕೆ ಒಂದು ಒಳ್ಳೆಯ ಯಂತ್ರ ಕೊಳ್ಳಬೇಕೆಂಬ ನಿರ್ಧಾರ ಆ ರಾತ್ರಿಯದು. ಆದರೆ ಕೊಳ್ಳಲು ಕುಳಿತಾಗ ಎದುರಾದದ್ದು ಹಣದ ಸಮಸ್ಯೆಗಿಂತ ವಿಚಿತ್ರವಾದ ಇನ್ನೊಂದು ಸಮಸ್ಯೆ. ಆಂಪ್ ಮಾಡೆಲರ್ ಎಂಬುದು ಗಾಜಿನ ನಿರ್ವಾತ ನಳಿಕೆಗಳಿಂದ ನಡೆಯುವ ಹಳೆಯ ವಾಲ್ವ್ ಆಂಪ್‌ಗಳನ್ನು ಅನುಕರಿಸುವ ಯಂತ್ರ. ಬಳ್ಳಾರಿಯಲ್ಲಿ ಹುಟ್ಟಿ ಬೆಳೆದ ನಾನು ಅಲ್ಲಿಯವರೆಗೆ ಒಂದೇ ಒಂದು ವಾಲ್ವ್ ಆಂಪಿನ ಮುಂದೆ ನಿಂತವನಲ್ಲ. ಇಲ್ಲಿನ ಆರ್ಕೆಸ್ಟ್ರಾಗಳಲ್ಲಿ, ಚರ್ಚಿನ ವಾದ್ಯವೃಂದಗಳಲ್ಲಿ, ಕಾಲೇಜು ಹಬ್ಬಗಳಲ್ಲಿ ನಾನು ಕಂಡದ್ದೆಲ್ಲ ಟ್ರಾನ್ಸಿಸ್ಟರ್ ಆಂಪ್‌ಗಳು, ಇಲ್ಲವೇ ನೇರವಾಗಿ ಮಿಕ್ಸರಿಗೆ ಚುಚ್ಚಿದ ಗಿಟಾರ್‌ಗಳು. ಮೂಲವನ್ನೇ ನೋಡದವನು ನಕಲಿನ ಗುಣದೋಷವನ್ನು ಅಳೆಯುವುದು ಹೇಗೆ?

ಯಂತ್ರಗಳ ವಿವರಪಟ್ಟಿಗಳು ಈ ಗೊಂದಲವನ್ನು ಹೆಚ್ಚಿಸಿದವೇ ಹೊರತು ಕಳೆಯಲಿಲ್ಲ. ಈ ವಿದ್ಯೆಗೆ ಮೂವತ್ತು ವರ್ಷಗಳಾಗಿವೆ: ರೋಲ್ಯಾಂಡ್ ಕಂಪನಿಯ ವಿಜಿ-8 ಬಂದದ್ದು 1995ರಲ್ಲಿ, ಅಲಸಂದೆ ಕಾಳಿನಂತೆ ಬಾಗಿದ ಲೈನ್ 6ರ ಕೆಂಪು ಪಾಡ್ ಬಂದದ್ದು 1998ರಲ್ಲಿ. ಈಗ ಒಂದೊಂದು ಯಂತ್ರದಲ್ಲೂ ಹತ್ತಾರು ಆಂಪ್‌ಗಳು, ನೂರಾರು ಎಫೆಕ್ಟ್‌ಗಳು. ಟ್ರೇಡ್‌ಮಾರ್ಕಿನ ಕಾರಣಕ್ಕೆ ಆಂಪ್‌ಗಳ ನಿಜವಾದ ಹೆಸರನ್ನು ತಯಾರಕರು ಸಾಮಾನ್ಯವಾಗಿ ಬರೆಯುವುದಿಲ್ಲ, ಸುಳಿವು ಕೊಡುತ್ತಾರೆ. 'ಬ್ರಿಟ್ 2204' ಎಂದರೆ ಮಾರ್ಷಲ್ ಜೆಸಿಎಮ್800 ಎಂದು ಬಲ್ಲವರಿಗೆ ತಿಳಿಯುತ್ತದೆ. ನನಗೆ ಅದು ಬಸ್ಸಿನ ನಂಬರಿನಂತೆ ಕಂಡಿತ್ತು. ಹೀಗಾಗಿ ಪಟ್ಟಿಯ ಉದ್ದವನ್ನು ಬದಿಗಿಟ್ಟು, ನಾಲ್ಕು ಮನೆತನಗಳನ್ನು ಮಾತ್ರ ಕಿವಿಗೆ ಹತ್ತಿಸಿಕೊಳ್ಳಲು ತಿಂಗಳುಗಟ್ಟಲೆ ಹೆಡ್‌ಫೋನಿನಲ್ಲಿ ಕೇಳಿದೆ. 6ಎಲ್6 ವಾಲ್ವ್‌ಗಳ ಫೆಂಡರ್ ಟ್ವಿನ್ ರಿವರ್ಬ್, ತಿಳಿನೀರಿನಂತಹ ನಾದ. ಇಎಲ್84 ವಾಲ್ವ್‌ಗಳ ವಾಕ್ಸ್ ಎಸಿ30, ತುಸು ಕಿಣಿಕಿಣಿ. ಇಎಲ್34ರ ಮಾರ್ಷಲ್, ಎದೆಮಟ್ಟದ ಗರ್ಜನೆ. ಕೊನೆಗೆ ಮೆಸಾ ಬೂಗಿಯ ರೆಕ್ಟಿಫೈಯರ್, ಗಟ್ಟಿ ಕರಿಗಲ್ಲು. ನಮ್ಮ ಚಿತ್ರಗೀತೆಗಳಿಗೆ ಅದರ ಅಗತ್ಯ ವರ್ಷಕ್ಕೊಮ್ಮೆ ಬಿದ್ದರೆ ಹೆಚ್ಚು. ಉಳಿದ ಮಾದರಿಗಳಲ್ಲಿ ಬಹುಪಾಲು ಇವುಗಳ ಮಕ್ಕಳು, ಮೊಮ್ಮಕ್ಕಳು.

ಆಮೇಲೆ ಒಂದು ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆ. ಪರಿಚಿತರೊಬ್ಬರ ಮೂಲಕ ಅಲ್ಲಿನ ಒಂದು ರಿಹರ್ಸಲ್ ಕೋಣೆಯಲ್ಲಿ ಟ್ವಿನ್ ರಿವರ್ಬಿಗೆ ಗಿಟಾರ್ ಚುಚ್ಚುವ ಅವಕಾಶ ಸಿಕ್ಕಿತು. ಸುಮಾರು ಮೂವತ್ತು ಕಿಲೋ ತೂಕದ ಆ ಪೆಟ್ಟಿಗೆಯ ಹಿಂಬದಿಯಲ್ಲಿ ವಾಲ್ವ್‌ಗಳು ದೇವರ ಮನೆಯ ದೀಪದಂತೆ ಕೆಂಪಗೆ ಉರಿಯುತ್ತಿದ್ದವು. ಒಂದು ಜಿ ಕಾರ್ಡ್ ಬಾರಿಸಿದೆ. ನಾದಕ್ಕಿಂತ ಮೊದಲು ಗಾಳಿ ಬಂತು: ಪ್ಯಾಂಟಿನ ಅಂಚಿಗೆ, ಮೊಣಕಾಲಿಗೆ, ನಿಂತ ನೆಲಕ್ಕೆ. ಹೆಡ್‌ಫೋನಿನಲ್ಲಿ ಇಷ್ಟು ದಿನ ಕೇಳಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆನ್ನಿಸಿ, ಮಾಡೆಲರ್‌ಗಳ ಮೇಲೆ ಒಂದು ಗಂಟೆ ಕಾಲ ನನಗೆ ನಂಬಿಕೆಯೇ ಹೋಯಿತು.

ಆದರೆ ಪಕ್ಕದ ಕೋಣೆಯಲ್ಲಿ ರೆಕಾರ್ಡಿಂಗ್ ಮಾಡುತ್ತಿದ್ದವರು ಅದೇ ಆಂಪಿನ ಮುಂದೆ ಒಂದು ಮೈಕ್ ಇಟ್ಟು, ನಾನು ಬಾರಿಸಿದ್ದನ್ನು ಸ್ಪೀಕರಿನಲ್ಲಿ ಕೇಳಿಸಿದಾಗ ಬೆಚ್ಚಿಬಿದ್ದೆ. ಅದು ನನಗೆ ಗೊತ್ತಿದ್ದ ನಾದ! ಚಿಕ್ಕಂದಿನಿಂದ ಕ್ಯಾಸೆಟ್‌ಗಳಲ್ಲಿ, ರೇಡಿಯೊದಲ್ಲಿ, ಚಿತ್ರಮಂದಿರದಲ್ಲಿ ಕೇಳಿದ ಎಲೆಕ್ಟ್ರಿಕ್ ಗಿಟಾರಿನ ನಾದ. ಮಾಡೆಲರ್ ಅನುಕರಿಸುವುದು ಕೋಣೆಯಲ್ಲಿ ನಿಂತ ಆಂಪನ್ನಲ್ಲ. ಮೈಕಿನ ಮೂಲಕ ಹಾದು, ಬೇರೊಂದು ಸ್ಪೀಕರಿನಿಂದ ಹೊರಬಂದ ಆಂಪನ್ನು. ವಾಲ್ವ್ ಆಂಪ್ ಇಟ್ಟುಕೊಂಡು ಬೆಳೆದವರು ಮಾಡೆಲರ್ ಕೊಂಡು 'ಜೀವವಿಲ್ಲ' ಎಂದು ಕೊರಗುವುದು ಇದಕ್ಕೇ ಇರಬೇಕು. ಅವರು ಹುಡುಕುತ್ತಿರುವುದು ಮೊಣಕಾಲಿಗೆ ತಾಗುವ ಗಾಳಿಯನ್ನು. ಜಾತ್ರೆಯ ಜನ ಗಿಟಾರನ್ನು ಕೇಳುವುದು ಹಾರ್ನ್‌ಗಳ ಮೂಲಕ, ನಾನೂ ಗಿಟಾರನ್ನು ಬಲ್ಲದ್ದು ಸ್ಪೀಕರಿನ ಮೂಲಕವೇ. ಆಂಪ್ ನೋಡದವನೆಂಬ ನನ್ನ ಕೀಳರಿಮೆಗೆ ಅಲ್ಲಿ ಆಧಾರವೇ ಉಳಿಯಲಿಲ್ಲ. ನಾನು ಅಳೆಯಬೇಕಾದ ಮೂಲ ನನ್ನ ಕಿವಿಯಲ್ಲಿ ಮೊದಲಿನಿಂದಲೂ ಇತ್ತು.

ಇದು ಹೊಳೆದ ಮೇಲೆ ಆರಿಸುವ ಕ್ರಮವೇ ತಿರುಗುಮುರುಗಾಯಿತು. ಮೊದಲು ಆಂಪ್‌ಗಳ ಪಟ್ಟಿಯನ್ನು ನೋಡುತ್ತಿದ್ದವನು, ಈಗ ಸರಪಣಿಯ ಕೊನೆಯಿಂದ, ಅಂದರೆ ಕ್ಯಾಬಿನೆಟ್ಟಿನಿಂದ ನೋಡತೊಡಗಿದೆ. ಹೊಸ ಯಂತ್ರಗಳಲ್ಲಿ ಇಂಪಲ್ಸ್ ರೆಸ್ಪಾನ್ಸ್, ಎಲ್ಲರ ಬಾಯಲ್ಲೂ 'ಐಆರ್' ಎಂದೇ ಕರೆಸಿಕೊಳ್ಳುವ ಕಡತವನ್ನು ತುಂಬಬಹುದು. ಒಂದು ನಿರ್ದಿಷ್ಟ ಸ್ಪೀಕರಿನ ಮುಂದೆ ನಿರ್ದಿಷ್ಟ ಜಾಗದಲ್ಲಿ ಮೈಕ್ ಇಟ್ಟು, ಒಂದು ಕ್ಷಣಿಕ ಸದ್ದಿಗೆ ಅದು ಹೇಗೆ ಮಿಡಿಯುತ್ತದೆಂದು ಅಳೆದು ದಾಖಲಿಸಿದ ಗುರುತು ಅದು; ಯಂತ್ರ ನಮ್ಮ ಸಂಕೇತವನ್ನು ಆ ಗುರುತಿನ ಮೂಲಕ ಗುಣಿಸಿ ಹೊರಬಿಡುತ್ತದೆ. ಸ್ಪೀಕರ್ ತಯಾರಿಸುವ ಸೆಲೆಸ್ಟಿಯನ್ ಕಂಪನಿಯೇ ತನ್ನ ಸ್ಪೀಕರ್‌ಗಳ ಐಆರ್‌ಗಳನ್ನು ಮಾರುತ್ತದೆ, ಉಚಿತವಾಗಿ ಹಂಚುವವರೂ ಬೇಕಾದಷ್ಟಿದ್ದಾರೆ. ಒಂದೇ ಮಾರ್ಷಲ್ ಮಾದರಿಗೆ ಎರಡು ಬೇರೆ ಐಆರ್ ಹಾಕಿ ಕೇಳಿದಾಗ ಸಿಗುವ ವ್ಯತ್ಯಾಸ, ಒಂದೇ ಐಆರಿಗೆ ಎರಡು ಬೇರೆ ಆಂಪ್ ಹಾಕಿದಾಗ ಸಿಗುವುದಕ್ಕಿಂತ ಅನೇಕ ವೇಳೆ ಹೆಚ್ಚಾಗಿರುತ್ತದೆ. ಒಂದು ಸಂಜೆ ಕುಳಿತರೆ ಯಾರೂ ಇದನ್ನು ಪರೀಕ್ಷಿಸಬಹುದು. ಆದ್ದರಿಂದ ಐಆರ್ ತುಂಬಲಾಗದ ಯಂತ್ರಗಳನ್ನು, ಅವುಗಳಲ್ಲಿ ಎಷ್ಟೇ ಎಫೆಕ್ಟ್‌ಗಳಿರಲಿ, ಮುಖ್ಯ ಯಂತ್ರದ ಸ್ಥಾನದಿಂದ ಕೈಬಿಟ್ಟೆ.

ಇನ್ನೊಂದು ಪಾಠ ಧ್ವನಿಯ ಮಟ್ಟದ್ದು. ಕಡಿಮೆ ಸದ್ದಿನಲ್ಲಿ ನಮ್ಮ ಕಿವಿ ತಗ್ಗಿನ ಸ್ವರಗಳನ್ನೂ ಅತಿ ಎತ್ತರದ ಸ್ವರಗಳನ್ನೂ ಸರಿಯಾಗಿ ಹಿಡಿಯುವುದಿಲ್ಲವೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದಾರೆ. ಮನೆಮಂದಿ ಮಲಗಿದ ಮೇಲೆ ಮೆಲ್ಲನೆ ಬಾರಿಸುತ್ತ ಪ್ಯಾಚ್ (ಒಂದು ನಾದಕ್ಕೆ ಬೇಕಾದ ಸೆಟ್ಟಿಂಗುಗಳ ಕಟ್ಟು) ಮಾಡುವವನು ಆ ಕೊರತೆಯನ್ನು ತುಂಬಲು ಬಾಸ್ ಏರಿಸುತ್ತಾನೆ, ಟ್ರೆಬಲ್ ಏರಿಸುತ್ತಾನೆ, ನಡುವನ್ನು ತೋಡಿಹಾಕುತ್ತಾನೆ. ವೇದಿಕೆಯ ಮೇಲೆ ಅದೇ ಪ್ಯಾಚಿನ ಬಾಸನ್ನು ಬಾಸ್ ಗಿಟಾರ್ ಮತ್ತು ಆಕ್ಟೋಪ್ಯಾಡ್ ನುಂಗುತ್ತವೆ, ಟ್ರೆಬಲ್ ಹಾರ್ನ್‌ಗಳಲ್ಲಿ ಚುಚ್ಚುತ್ತದೆ, ಗಿಟಾರಿನ ನಿಜವಾದ ಮನೆಯಾದ ನಡುವಿನ ಪಟ್ಟಿಯಲ್ಲಿ ಕೀಬೋರ್ಡಿನವರು ಆರಾಮಾಗಿ ಕಾಲು ಚಾಚಿರುತ್ತಾರೆ. ಎಲ್ಲ ಪ್ಯಾಚ್‌ಗಳ ಮೇಲೂ ಒಮ್ಮೆಲೇ ಕೆಲಸ ಮಾಡುವ ಗ್ಲೋಬಲ್ ಇಕ್ಯೂ, ಅಂದರೆ ಬಾಸ್, ನಡು, ಟ್ರೆಬಲ್ ಏರಿಳಿಸುವ ಸೌಲಭ್ಯ, ಇರುವ ಯಂತ್ರ ಬೇಕೆಂದು ನಾನು ಹಟ ಹಿಡಿದದ್ದು ಇದಕ್ಕಾಗಿ. ಸಂಜೆ ಸೌಂಡ್ ಚೆಕ್ಕಿಗೆ ಸಿಗುವುದು ಐದು ನಿಮಿಷ. ಅಷ್ಟರಲ್ಲಿ ಮೂವತ್ತು ಪ್ಯಾಚ್‌ಗಳನ್ನು ಒಂದೊಂದಾಗಿ ತಿದ್ದಲು ಯಾರಿಂದಲೂ ಆಗದು.

ಇಷ್ಟು ನಾದದ ಮಾತಾಯಿತು. ನಮ್ಮ ಸೀಮೆಯಲ್ಲಿ ನಾದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಕರೆಂಟಿನದು, ಮತ್ತು ಯಾವ ವಿಮರ್ಶೆಯಲ್ಲೂ ಇದಕ್ಕೆ ಎರಡು ಸಾಲಿಗಿಂತ ಹೆಚ್ಚು ಜಾಗ ಸಿಗುವುದಿಲ್ಲ. ಹಾಡಿನ ನಡುವೆ ಲೈನ್ ಹೋಗುತ್ತದೆ, ಜನರೇಟರ್ ಹುಡುಗ ಓಡುತ್ತಾನೆ, ಅರ್ಧ ನಿಮಿಷದಲ್ಲಿ ಮಿಕ್ಸರ್ ಎದ್ದು ನಿಲ್ಲುತ್ತದೆ, ಢೋಲಕಿನವರು ಲಯ ಬಿಡದೆ ಬಾರಿಸುತ್ತಲೇ ಇರುತ್ತಾರೆ. ಮಾಡೆಲರ್ ಮಾತ್ರ ಕಂಪ್ಯೂಟರಿನಂತೆ ತನ್ನ ಲೋಗೊ ತೋರಿಸುತ್ತ ನಿಧಾನವಾಗಿ ಕಣ್ಣುಬಿಡುತ್ತದೆ. ಆ ಕೆಲವು ಸೆಕೆಂಡುಗಳಲ್ಲಿ ಗಿಟಾರ್ ಹಿಡಿದು ನಿಂತವನಷ್ಟು ಒಂಟಿ ಮನುಷ್ಯ ಜಾತ್ರೆಯಲ್ಲಿ ಮತ್ತೊಬ್ಬನಿರಲಾರ. ಬಾಸ್ (Boss) ಕಂಪನಿಯ ಜಿಟಿ-1 ಮತ್ತು ಜೂಮ್ ಜಿ1ಎಕ್ಸ್ ಫೋರ್ ಎರಡೂ ನಾಲ್ಕು ಎಎ ಸೆಲ್‌ಗಳ ಮೇಲೆ ನಡೆಯುತ್ತವೆ ಎಂಬುದು ಬೆಂಗಳೂರಿನವರಿಗೆ ಅಡಿಟಿಪ್ಪಣಿ, ನಮಗೆ ತಲೆಬರಹ.

ಅರ್ಥಿಂಗ್ ವಿಚಾರವೂ ಹಾಗೆಯೇ. ಹಳ್ಳಿಯ ವೇದಿಕೆಗೆ ಎಳೆದ ಲೈನಿನಲ್ಲಿ ಅರ್ಥಿಂಗ್ ಇದ್ದರೆ ಪುಣ್ಯ. ಕೈ ತಂತಿಯ ಮೇಲಿದ್ದಾಗ ತುಟಿ ಮೈಕಿಗೆ ತಾಗಿ ಮಿಂಚು ಹೊಡೆಸಿಕೊಂಡ ಅನುಭವ ಕೋರಸ್ ಹಾಡುವ ಗಿಟಾರಿಸ್ಟರಿಗೆಲ್ಲ ಇರುತ್ತದೆ. ಅದಲ್ಲದೆ ಮಿಕ್ಸರ್ ಒಂದು ಪ್ಲಗ್ಗಿನಲ್ಲಿ, ಯಂತ್ರ ಇನ್ನೊಂದು ಪ್ಲಗ್ಗಿನಲ್ಲಿ ಇದ್ದಾಗ ಐವತ್ತು ಹರ್ಟ್ಜಿನ ಗುಂಯ್‌ಗುಡುವಿಕೆ ತಪ್ಪಿದ್ದಲ್ಲ. ಟ್ರಾನ್ಸ್‌ಫಾರ್ಮರ್ ಇರುವ, ಗ್ರೌಂಡ್ ಲಿಫ್ಟ್ ಸ್ವಿಚ್ಚುಳ್ಳ ಒಂದು ಡಿಐ ಬಾಕ್ಸ್, ಅಂದರೆ ವಾದ್ಯಕ್ಕೂ ಮಿಕ್ಸರಿಗೂ ನಡುವೆ ಕೂರುವ ಪುಟ್ಟ ಪೆಟ್ಟಿಗೆ, ಆ ಗುಂಯ್‌ಕಾರವನ್ನು ಕೊಂದುಹಾಕುತ್ತದೆ, ಸಂಕೇತವನ್ನು ಉದ್ದನೆಯ ಮೈಕ್ ಕೇಬಲ್ಲಿನಲ್ಲಿ ಮಿಕ್ಸರ್‌ವರೆಗೆ ಕೆಡದಂತೆ ಸಾಗಿಸುತ್ತದೆ. ಪ್ಲಗ್ಗಿನ ಅರ್ಥ್ ಪಿನ್ನನ್ನೇ ಮುರಿದುಹಾಕುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಅದು ಪ್ರಾಣಕ್ಕೆ ಕುತ್ತು, ಅಂಥವರ ಮಾತು ಕೇಳಬಾರದು. ಅಡಾಪ್ಟರ್ ಬಗ್ಗೆ ಒಂದು ಮಾತು: ಬಹುಪಾಲು ಗಿಟಾರ್ ಪೆಡಲ್‌ಗಳಿಗೆ ನಡುವೆ ಮೈನಸ್ ಇರುವ ಅಡಾಪ್ಟರ್ ಬೇಕು. ನಾನು ಒಮ್ಮೆ ಮನೆಯಲ್ಲೇ ಅಡಾಪ್ಟರ್ ಮರೆತು, 9 ವೋಲ್ಟ್ ಎಂದು ಬರೆದದ್ದನ್ನಷ್ಟೇ ನೋಡಿ ಒಂದು ಅಗ್ಗದ ಅಡಾಪ್ಟರ್ ಕೊಂಡು ನನ್ನ ಡಿಲೇ ಪೆಡಲಿಗೆ ಚುಚ್ಚಿದೆ. ಅದರ ನಡುವೆ ಇದ್ದದ್ದು ಪ್ಲಸ್. ಸುಟ್ಟ ವಾಸನೆ ಬಂದ ಮೇಲೆ ತಿಳಿಯಿತು. ಬ್ರೂಸ್‌ಪೇಟೆಯ ರೇಡಿಯೊ ರಿಪೇರಿಯವರು ಹತ್ತು ರೂಪಾಯಿಯ ಡಯೋಡ್ ಬದಲಿಸಿ ಅದನ್ನು ಬದುಕಿಸಿಕೊಟ್ಟರು. ಸಣ್ಣ ಪೆಡಲಾದ್ದರಿಂದ ಅಷ್ಟರಲ್ಲಿ ಮುಗಿಯಿತು; ದುಬಾರಿ ಮಾಡೆಲರಿನ ಮದರ್‌ಬೋರ್ಡಿಗೆ ಹಾಗಾಗಿದ್ದರೆ ಕೊರಿಯರ್ ಮಾಡಿ ತಿಂಗಳುಗಟ್ಟಲೆ ದಾರಿ ಕಾಯಬೇಕಾಗುತ್ತಿತ್ತು.

ಲೇಟೆನ್ಸಿಯ, ಅಂದರೆ ತಂತಿ ಮೀಟಿದ್ದಕ್ಕೂ ನಾದ ಕೇಳುವುದಕ್ಕೂ ನಡುವಿನ ತಡದ, ಬಗ್ಗೆ ಓದಿದವರು ವಿಪರೀತ ಹೆದರಿರುತ್ತಾರೆ, ನಾನೂ ಹೆದರಿದ್ದೆ. ಡಿಜಿಟಲ್ ಯಂತ್ರ ಸಂಕೇತವನ್ನು ಅಂಕಿಗಳಾಗಿಸಿ, ಲೆಕ್ಕ ಮಾಡಿ, ಮತ್ತೆ ಸಂಕೇತವಾಗಿಸಲು ಕೆಲವು ಮಿಲಿಸೆಕೆಂಡು ತೆಗೆದುಕೊಳ್ಳುವುದು ನಿಜ. ಆದರೆ ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಅಂದರೆ ಮೂರು ಮಿಲಿಸೆಕೆಂಡಿಗೆ ಒಂದು ಮೀಟರ್. ಸ್ಪೀಕರಿನಿಂದ ಒಂದು ಹೆಜ್ಜೆ ಹಿಂದೆ ನಿಂತಷ್ಟೇ ವ್ಯತ್ಯಾಸ ಅದು. ನಮ್ಮ ಏಪ್ರಿಲ್ ತಿಂಗಳ ನಲವತ್ತು ಡಿಗ್ರಿಯಲ್ಲಿ ಶಬ್ದದ ವೇಗ 355 ಮೀಟರಿಗೆ ಏರುತ್ತದೆ. ಬಳ್ಳಾರಿ ಬಿಸಿಲಿನಿಂದ ಗಿಟಾರಿಸ್ಟನಿಗೆ ಆಗುವ ಏಕೈಕ ಲಾಭ ಇದೇ ಇರಬಹುದು.

ಕಾಲಿನ ಕೆಲಸಕ್ಕೆ ನಾನು ಹೆಚ್ಚು ಅಂಕ ಕೊಟ್ಟೆ. ರಾಕ್ ಬ್ಯಾಂಡಿನವರು ಒಂದೇ ನಾದದಲ್ಲಿ ಒಂದು ಗಂಟೆ ಬಾರಿಸಬಹುದು. ರಸಮಂಜರಿಯಲ್ಲಿ ಹಾಗಲ್ಲ: ಭಕ್ತಿಗೀತೆಗೆ ಶುಭ್ರವಾದ ಕೋರಸ್ ಎಫೆಕ್ಟ್, ಎಂಬತ್ತರ ದಶಕದ ಯುಗಳಗೀತೆಗೆ ವಾಹ್, ಜನಪದ ಗೀತೆಗೆ ಗಿಟಾರ್ ಸುಮ್ಮನಿದ್ದರೇ ಚೆಂದ, ನಡುವೆ ಊರ ಗೌಡರ ಚೀಟಿ ಬಂದರೆ ಪಟ್ಟಿಯಲ್ಲಿಲ್ಲದ ಹಾಡು. ಒಂದೇ ಹಾಡಿನಲ್ಲಿ ಪಲ್ಲವಿಗೆ ಒಂದು, ಚರಣಕ್ಕೆ ಒಂದು, ಸೋಲೊಗೆ ಒಂದು ನಾದ ಬೇಕು. ಪ್ಯಾಚ್ ಬದಲಿಸಿದಾಗ ಅನೇಕ ಯಂತ್ರಗಳಲ್ಲಿ ಕ್ಷಣಮಾತ್ರದ ಮೌನ ಬೀಳುತ್ತದೆ. ಒಂದೇ ಪ್ಯಾಚಿನೊಳಗೆ ಎಫೆಕ್ಟ್‌ಗಳನ್ನು ಒಟ್ಟಾಗಿ ಏರಿಳಿಸುವ 'ಸ್ನ್ಯಾಪ್‌ಶಾಟ್' ಸೌಲಭ್ಯ ಈ ಮೌನವನ್ನು ತಪ್ಪಿಸುತ್ತದೆ. ಮೂರೇ ಸ್ವಿಚ್ ಇರುವ ಲೈನ್ 6ರ ಎಚ್‌ಎಕ್ಸ್ ಸ್ಟಾಂಪ್ ನಾದದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದರೂ, ಕತ್ತಲಲ್ಲಿ ಕೋಲಾಪುರಿ ಚಪ್ಪಲಿ ಹಾಕಿದ ಕಾಲಿಗೆ ಅದು ತೀರ ಚಿಕ್ಕದು. ಇದಕ್ಕೆ ವಿರುದ್ಧ ತುದಿಯಲ್ಲಿ ಬಾಸ್ ಎಮ್ಇ-80. ಎಲ್ಲ ನಿಯಂತ್ರಣವೂ ತಿರುಗಿಸುವ ಗುಂಡಿಗಳಲ್ಲೇ ಕಣ್ಣೆದುರಿಗಿದೆ, ಮೆನುವಿನ ಗೋಜಲಿಲ್ಲ, ಆರು ಸೆಲ್‌ಗಳ ಮೇಲೂ ನಡೆಯುತ್ತದೆ. ಸಂಡೂರಿನ ಕಡೆ ಕಾರ್ಯಕ್ರಮ ಕೊಡದವನಾಗಿದ್ದರೆ ಅದನ್ನೇ ಕೊಳ್ಳುತ್ತಿದ್ದೆನೇನೋ. ಅದಿರಿನ ಕೆಂಧೂಳು ಗುಂಡಿಗಳ ಸಂದಿಯಲ್ಲಿ ಸೇರಿದರೆ ಏನಾಗುತ್ತದೆಂದು ನನ್ನ ಪ್ರಾಕ್ಟೀಸ್ ಆಂಪಿನ ವಾಲ್ಯೂಮ್ ಗುಂಡಿ ಕರಕರ ಎಂದು ಈಗಾಗಲೇ ತಿಳಿಸಿಕೊಟ್ಟಿತ್ತು. ಮೇಲಾಗಿ ಅದರಲ್ಲಿ ಐಆರ್ ತುಂಬುವ ದಾರಿಯಿಲ್ಲ.

ನಿಜವಾದ ಆಂಪನ್ನು ಅಳೆದು ಅದರ ಪ್ರತಿಬಿಂಬ ಹಿಡಿದಿಡುವ ಕೆಂಪರ್, 2021ರಲ್ಲಿ ಬಂದ ಕ್ವಾಡ್ ಕಾರ್ಟೆಕ್ಸ್ ಮುಂತಾದವನ್ನು ನಾನು ದೂರದಿಂದಲೇ ನಮಸ್ಕರಿಸಿ ಬಿಟ್ಟೆ. ಬೆಲೆ ನನ್ನ ಅಳವಿನದಲ್ಲ, ಹಿಡಿದಿಡಲು ನನ್ನ ಬಳಿ ಆಂಪೂ ಇಲ್ಲ. ಚೀನಾದ ನ್ಯೂಎಕ್ಸ್ ಎಮ್‌ಜಿ-30 ಬೆಲೆಗೆ ಹೋಲಿಸಿದರೆ ಬಹಳ ಚೆನ್ನಾಗಿತ್ತು, ಐಆರೂ ತುಂಬಬಹುದು. ಮನೆಯಲ್ಲಿ ಬಾರಿಸುವ ಹುಡುಗರು ಕೇಳಿದರೆ ನಾನು ಈಗಲೂ ಅದನ್ನು ನೋಡಿ ಎನ್ನುತ್ತೇನೆ.

ಕೊನೆಗೆ ಒಂದೂವರೆ ವರ್ಷ ಬಳಸಿದ ಲೈನ್ 6 ಪಾಡ್ ಗೋ ಒಂದನ್ನು ಸೆಕೆಂಡ್‌ಹ್ಯಾಂಡ್ ಕೊಂಡೆ. ಎಂಟು ಸ್ವಿಚ್‌ಗಳು, ಪ್ರತಿಯೊಂದರ ಸುತ್ತ ಬಣ್ಣದ ಬೆಳಕಿನ ಬಳೆ, ಒಂದು ಪ್ಯಾಚಿಗೆ ನಾಲ್ಕು ಸ್ನ್ಯಾಪ್‌ಶಾಟ್, ಐಆರ್, ಗ್ಲೋಬಲ್ ಇಕ್ಯೂ. ಆಂಪ್, ಕ್ಯಾಬ್, ವಾಹ್, ವಾಲ್ಯೂಮ್ ಮುಂತಾದವುಗಳ ಜಾಗ ಮೊದಲೇ ನಿಗದಿಯಾಗಿದ್ದು, ಉಳಿದಂತೆ ನಾಲ್ಕು ಎಫೆಕ್ಟ್‌ಗಳಿಗೆ ಮಾತ್ರ ಅವಕಾಶ ಎಂಬುದನ್ನು ಅನೇಕರು ಕೊರತೆ ಎನ್ನುತ್ತಾರೆ. ನನ್ನಂಥವನಿಗೆ ಅದು ಹಿರಿಯರ ಶಿಸ್ತಿನಂತೆ ಒಳ್ಳೆಯದೇ ಮಾಡಿದೆ. ಐದನೆಯ ಎಫೆಕ್ಟ್ ಬೇಕೆನ್ನಿಸಿದ ಸಂದರ್ಭಗಳಲ್ಲೆಲ್ಲ ನಿಜವಾಗಿ ಬೇಕಾಗಿದ್ದದ್ದು ಅಭ್ಯಾಸ. ನಿಜವಾದ ಕೊರತೆಗಳು ಬೇರೆ: ಅದು ಸೆಲ್‌ಗಳ ಮೇಲೆ ನಡೆಯದು, ಮತ್ತು ಅದಕ್ಕೆ ಮೈಕ್ ಕೇಬಲ್ ನೇರವಾಗಿ ಚುಚ್ಚುವ ಎಕ್ಸ್‌ಎಲ್‌ಆರ್ ಔಟ್‌ಪುಟ್ ಇಲ್ಲ. ಎರಡನೆಯದಕ್ಕೆ ಡಿಐ ಬಾಕ್ಸ್ ಇದೆ. ಮೊದಲನೆಯದಕ್ಕಾಗಿ ಒಂದು ಹಳೆಯ ಜೂಮ್ ಜಿ1ಎಕ್ಸ್ ಫೋರ್ ಅನ್ನು, ನಾಲ್ಕು ಸೆಲ್ ಹಾಕಿ, ಒಂದೇ ಒಂದು ಕ್ಲೀನ್ ಪ್ಯಾಚ್ ತೆರೆದಿಟ್ಟು, ಕಾಲ ಬಳಿ ಟವೆಲ್ ಸುತ್ತಿ ಇಟ್ಟುಕೊಳ್ಳುತ್ತೇನೆ. ಲೈನ್ ಹೋದಾಗ ಕೇಬಲ್ ಕಿತ್ತು ಅದಕ್ಕೆ ಚುಚ್ಚಲು ಹನ್ನೊಂದು ಸೆಕೆಂಡು ಸಾಕಾಗುತ್ತದೆ. ಮನೆಯಲ್ಲಿ ಮಗಳು ಮೊಬೈಲ್ ಹಿಡಿದು ಎಣಿಸಿದ್ದಾಳೆ.

ಹೊಸ ಯಂತ್ರದೊಂದಿಗೆ ಮೊದಲ ಕಾರ್ಯಕ್ರಮ ಕುರುಗೋಡಿನಲ್ಲಿತ್ತು. ಮಿಕ್ಸರ್ ಮುಂದೆ ಕುಳಿತವರು ಅದೇ ಹಳೆಯ ಸೌಂಡ್ ಸಿಸ್ಟಮ್‌ನವರು. ನನ್ನನ್ನು ಗುರುತು ಹಿಡಿದು, ನಾನು ಸೋಲೊಗೆ ಕಾಲೆತ್ತುವ ಮೊದಲೇ ಗಿಟಾರಿನ ಫೇಡರ್ ಮೇಲೆ ಬೆರಳಿಟ್ಟು ಕಾಯುತ್ತಿದ್ದರು. ಮಾರ್ಷಲ್ ಮಾದರಿ, ನಡುವಿನ ಪಟ್ಟಿ ತುಂಬಿದ ಒಂದು ಐಆರ್, ಗ್ಲೋಬಲ್ ಇಕ್ಯೂನಲ್ಲಿ 6000 ಹರ್ಟ್ಜ್‌ನ ಮೇಲಿನದಕ್ಕೆಲ್ಲ ಕತ್ತರಿ. ಸೋಲೊ ಮುಗಿಯುವವರೆಗೂ ಅವರ ಬೆರಳು ಅಲ್ಲಿಂದ ಕದಲಲಿಲ್ಲ, ಫೇಡರೂ ಕದಲಲಿಲ್ಲ. ವಿರಾಮದಲ್ಲಿ ಚಹಾ ಕೊಡುತ್ತ ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ಟವೆಲ್‌ನ್ಯಾಗ ಏನೈತಿ ಸಾರ್?"